ಶ್ವಾನಪಲಾಯನ ಮೀಮಾಂಸೆ: ಸಾನಪಾಡಾ ಶಾಖೆ

ಅಂಗಳದಿಂದ ನಾಯಿ ಓಡಿಹೋಗದಂತೆ ತಡೆಯುವುದು ಹೇಗೆಂದು ಪೂರ್ವಸೂರಿಗಳು ಚರ್ಚಿಸಿದ್ದು ಅಂಗಳಗಳಿದ್ದ ಕಾಲದಲ್ಲಿ. ನವಿ ಮುಂಬಯಿಯ ಸಾನಪಾಡಾದಲ್ಲಿ ಮೊದಲು ಅಂಗಳದ ಅಸ್ತಿತ್ವವನ್ನೇ ಸಾಧಿಸಿ ತೋರಿಸಬೇಕು. 1970ರಲ್ಲಿ ಹುಟ್ಟಿದ ನಗರ ಕಟ್ಟುವ ಸಂಸ್ಥೆ ಸಿಡ್ಕೊ ಖಾಡಿ ಬದಿಯ ಹಳ್ಳಿಗಳ ನಡುವೆ ಗೆರೆ ಎಳೆದು ಸೆಕ್ಟರುಗಳನ್ನು ಎಬ್ಬಿಸಿದಾಗ ಮನುಷ್ಯನಿಗೆ ಹಾಲು, ಕಿಚನ್ನು ದಕ್ಕಿದವು; ನಾಯಿಗೆ ಸಿಕ್ಕಿದ್ದು ರೋ ಹೌಸಿನ ಮುಂದಿನ ತುಳಸಿಕಟ್ಟೆಗೂ ಸ್ಕೂಟರಿಗೂ ನಡುವಿನ ಸಂದು. ಪ್ರಸ್ತುತ ಪ್ರಬಂಧದಲ್ಲಿ ಅಂಗಳವೆಂದರೆ ಈ ಸಂದು. ಅಧ್ಯಯನದ ಜೀವಿ ಟಾಮಿ: ಬಣ್ಣ ಕಂದು, ಗೋತ್ರ ಅಜ್ಞಾತ, ಆಶ್ರಯ ಕುಂದಾಪುರ ಕಡೆಯ ನಿವೃತ್ತ ಹೋಟೆಲಿಗರೊಬ್ಬರ ಮನೆ.

ಭಿತ್ತಿವಾದಿಗಳ ಪ್ರಕಾರ ಗೋಡೆ ಎತ್ತರಿಸಿದರೆ ಸಾಕು. ಅವರು ಸ್ಕೂಟರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಟಾಮಿ ಮೊದಲು ಫುಟ್‌ಬೋರ್ಡ್, ಆಮೇಲೆ ಸೀಟು, ಅಲ್ಲಿಂದ ಎಸಿಯ ಹೊರಪೆಟ್ಟಿಗೆ, ಹೀಗೆ ಮೆಟ್ಟಿಲೇರಿದ್ದಕ್ಕೆ ಸೀಟಿನ ರೆಕ್ಸಿನ್ ಮೇಲೆ ನಾಲ್ಕು ಸಾಲು ಉಗುರಿನ ಗೀರು ಶಾಸನದಂತೆ ಉಳಿದಿದೆ. ಸ್ಕೂಟರನ್ನು ಹೊರಗೆ ನಿಲ್ಲಿಸಿದ ಮೇಲೆ ಟಾಮಿ ನೆಲಕ್ಕೆ ಕೈಹಾಕಿತು. ಮಳೆಗಾಲದಲ್ಲಿ ಇಲ್ಲಿಯ ಮಣ್ಣು ನಾಯಿಯ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಇದಕ್ಕೆ ಪರಿಹಾರವೂ ಇದೆ: ಬೇಲಿಯ ಬುಡಕ್ಕೆ ತಂತಿ ಜಾಲರಿ ಕಟ್ಟಿ, ಅದನ್ನು ಒಳಬದಿಗೆ ಮಡಚಿ, ನೆಲದಡಿ ಒಂದಡಿಯಷ್ಟು ಹರಡಿ ಮುಚ್ಚುವುದು. ನಾಯಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ. ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯದು.

ಶೃಂಖಲಾವಾದಿಗಳನ್ನು ಬೇಗ ಮುಗಿಸಬಹುದು. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯ 11ನೇ ಕಲಮಿನ ಪ್ರಕಾರ ಗಿಡ್ಡ ಸರಪಳಿಯಲ್ಲಿ ವಿನಾಕಾರಣ ಹೊತ್ತುಗಟ್ಟಲೆ ಬಿಗಿಯುವುದೂ, ಸದಾ ಕಟ್ಟಿಟ್ಟ ನಾಯಿಯನ್ನು ಅಡ್ಡಾಡಿಸದಿರುವುದೂ ಕ್ರೌರ್ಯ. ಮನೆಯವರಿಗೆ ಇದನ್ನು ಓದಿ ಹೇಳಿದಾಗ ಯಜಮಾನರು, "ನನ್ನನ್ನು ನಲವತ್ತು ವರ್ಷ ಗಲ್ಲಾಪೆಟ್ಟಿಗೆಗೆ ಕಟ್ಟಿಹಾಕಿದ್ದಕ್ಕೆ ಯಾವ ಕಲಮು ಮಾರಾಯ್ರೆ?" ಎಂದು ಕೇಳಿದರು. ಇದು ವಿಷಯಾಂತರ.

ಓಡುವ ನಾಯಿಯ ಮನಸ್ಸೇನು? ಪಾವ್ಲೊವ್ ಮಹಾಶಯರು 1917ರಲ್ಲಿ, ರಷ್ಯಾದ ಪ್ರಜೆಗಳೆಲ್ಲ ಪಟ್ಟಿ ಹರಿದುಕೊಳ್ಳುತ್ತಿದ್ದ ವರ್ಷದಲ್ಲೇ, ಪ್ರಯೋಗದ ಕಟ್ಟೆಯ ಮೇಲೆ ನಿಲ್ಲಲೊಪ್ಪದ ನಾಯಿಯೊಂದನ್ನು ಕಂಡು 'ಸ್ವಾತಂತ್ರ್ಯದ ಪ್ರತಿವರ್ತನೆ' ಎಂಬುದನ್ನು ಪ್ರತಿಪಾದಿಸಿದರು. ಮದ್ದೂ ಅವರೇ ಕೊಟ್ಟರು: ಆ ಕಟ್ಟೆಯ ಮೇಲೆ ಮಾತ್ರ ಅನ್ನ ಹಾಕುವುದು. ಈ ಮದ್ದು ಇಲ್ಲಿ ನಡೆಯದು, ಯಾಕೆಂದರೆ ಟಾಮಿಗೆ ಅನ್ನ ಎಲ್ಲ ಕಡೆಯೂ ಇದೆ. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತ ಕೋಳಿ ಸಮುದಾಯದ ಮಾವಶಿ ಬೀದಿಯ ತಿರುವಿನಲ್ಲಿ ಕೂಗಿದರೆ ಸಾಕು. ಬಂಗುಡೆಯ ತಲೆ ಯಾರ ಪಾಲಿಗೆ ಎಂಬುದು ಇಬ್ಬರಿಗೂ ಗೊತ್ತು. ಮೀನು ಸಿಗದ ದಿನ ಹೆಣ್ಣುನಾಯಿಯ ವಾಸನೆ, ದೀಪಾವಳಿಯಲ್ಲಿ ಪಟಾಕಿಯ ದಿಗಿಲು, ಉಳಿದ ದಿನ ಬರಿಯ ಬೇಸರ. ಎರಡನೆಯದಕ್ಕೆ ಆಪರೇಶನ್ ಇದೆ, ಮೂರನೆಯದಕ್ಕೆ ಒಳಕೋಣೆ ಇದೆ, ಕೊನೆಯದಕ್ಕೆ ಬೆಳಗಿನ ವಾಕಿಂಗ್ ಇದೆ. ಬಂಗುಡೆಗೆ ಶಾಸ್ತ್ರದಲ್ಲಿ ಪ್ರತಿವಿಧಿ ಇಲ್ಲ.

ಕನ್ನಡದ ನಾಯಿ ಹೀಗಿರಲಿಲ್ಲ ಎಂದು ಆತಕೂರಿನ ಶಾಸನವನ್ನು ಮುಂದೆ ಹಿಡಿಯುವವರಿದ್ದಾರೆ. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ವೀರ ಮಣಲೇರನಿಗೆ ಅರಸ ಬೇಡಿದ್ದು ಕೊಡುತ್ತೇನೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಹಂದಿಯೊಂದಿಗೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಆದರೆ ವಿದ್ವಾಂಸರು ಗಮನಿಸಬೇಕು: ಆ ಶಾಸನದಲ್ಲಿ ಎಲ್ಲೂ ಗೇಟಿನ ಪ್ರಸ್ತಾಪವಿಲ್ಲ. ಗೇಟಿನ ಸಮಸ್ಯೆ ಇನ್ನೂ ಹಳೆಯದು, ಮಹಾಭಾರತದ್ದು. ಅಲ್ಲಿ ಧರ್ಮರಾಯನ ಹಿಂದೆ ಪಟ್ಟಿಯಿಲ್ಲದೆ ಕೊನೆತನಕ ನಡೆದ ನಾಯಿಗೆ ಒಳಗೆ ಪ್ರವೇಶವಿಲ್ಲ ಎಂದ ಇಂದ್ರನೇ ನಮ್ಮ ಸೊಸೈಟಿ ಸೆಕ್ರೆಟರಿಗಳ ಮೂಲಪುರುಷ.

ಸಿದ್ಧಾಂತ ಇಲ್ಲಿಗೆ ಬಂತು. ಟಾಮಿ ಗೋಡೆ ಹಾರಿದ್ದು ಅಪರೂಪ, ಅಗೆದದ್ದು ಮಳೆಗಾಲದಲ್ಲಿ ಮಾತ್ರ. ಮಿಕ್ಕೆಲ್ಲ ಪಲಾಯನಗಳೂ ಹಾಲಿನವ, ಇಸ್ತ್ರಿಯವ, ಪಾರ್ಸೆಲ್ ಹುಡುಗ ಗೇಟು ತೆರೆದು ಚಿಲಕ ಹಾಕದೆ ಹೋದಾಗ ನಡೆದವು. ಗೇಟಿನ ಹಿಂದೆ ಮತ್ತೊಂದು ಗೇಟಿಟ್ಟು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವುದೇ ಏಕೈಕ ಉಪಾಯ. ಆದರೆ ಸಂದಿನಲ್ಲಿ ಎರಡನೇ ಗೇಟಿಟ್ಟರೆ ಅಂಗಳವೇ ಉಳಿಯುವುದಿಲ್ಲ.

"ಅಜ್ಜಿ, ಟಾಮಿ ಭಾಗ್ ಗಯಾ!" ಎಂದು ಮೊಮ್ಮಗ ಕೂಗಿದಾಗ ಅಜ್ಜಿ ಒಲೆ ಸಣ್ಣ ಮಾಡಿ ಹೊರಗೆ ಬರುತ್ತಾರೆ. ಕನ್ನಡದಲ್ಲಿ ಕರೆದರೂ, ಮರಾಠಿಯಲ್ಲಿ ಕರೆದರೂ ನಾಯಿ ತಿರುಗಿ ನೋಡದು. ಪಾರ್ಲೆ ಜಿ ಪೊಟ್ಟಣದ ಸರಸರ ಮಾತ್ರ ಕೆಲವೊಮ್ಮೆ ಫಲಿಸುತ್ತದೆ. ಆದ್ದರಿಂದ ಕೊರಳಪಟ್ಟಿಗೆ ಫೋನ್ ನಂಬರಿನ ಬಿಲ್ಲೆ ಕಟ್ಟಲಾಗಿದೆ. ಮೊದಲ ಕರೆ ಬಂದದ್ದು ಸ್ಟೇಷನ್ ಹತ್ತಿರದ ವಡಾಪಾವ್ ಗಾಡಿಯಿಂದ: ನಾಯಿ ಇಲ್ಲೇ ಇದೆ, ಎರಡು ವಡೆಯ ದುಡ್ಡು ಬಾಕಿಯಿದೆ.