ಮೂರು ಹೇಂಟೆ, ಒಂದು ಸೂರು

30–40ರ ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಹಿತ್ತಲು ಎಂದರೆ ಎಂಜಿನಿಯರ್ ಕೈತಪ್ಪಿ ಉಳಿಸಿಹೋದ ಜಾಗ. ಹಾಸನದ ನಮ್ಮ ಮನೆಯ ಹಿಂದೆಯೂ ಅಂಥದೊಂದು ಪಟ್ಟಿ ಇದೆ. ಒಗೆಯುವ ಕಲ್ಲು, ಒಂದು ನುಗ್ಗೆಮರ, ಕರಿಬೇವು, ಮುಂದೆ ಬೇಕಾಗುತ್ತದೆಂದು ಎತ್ತಿಟ್ಟ ಹಳೇ ಕಿಟಕಿ ಚೌಕಟ್ಟು ಎಲ್ಲವೂ ಅಲ್ಲೇ ಠಿಕಾಣಿ ಹೂಡಿವೆ. ಇವುಗಳ ನಡುವೆ ಮೂರು ಕೋಳಿಗಳಿಗೆ ಗೂಡು ಎಲ್ಲಿ, ಎಂಥದು ಎಂಬ ಮಾತೆದ್ದಾಗ ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಕೋಳಿಗಳು ಇನ್ನೂ ಬಂದಿರಲಿಲ್ಲವಾದ್ದರಿಂದ ಅವು ಮಾತ್ರ ಏನೂ ಹೇಳಲಿಲ್ಲ.

ಅರಕಲಗೂಡು ಕಡೆಯವರಾದ ನಮ್ಮ ಮಾವನವರಿಗೆ ಇದೊಂದು ಪ್ರಶ್ನೆಯೇ ಅಲ್ಲ. "ಒಂದು ಮಂಕರಿ ಕವುಚಿ ಮೇಲೊಂದು ಕಲ್ಲು ಹೇರಿ ಅಳಿಯಂದ್ರೆ, ಆಯ್ತು. ಕೋಳಿಗೆ ಯಾರಾದ್ರೂ ಪ್ಲಾನ್ ಹಾಕಿಸ್ತಾರಾ?" ಹೆಂಡತಿಯದು ಒಂದೇ ಷರತ್ತು: ಅಡುಗೆಮನೆ ಕಿಟಕಿಯಿಂದ ಅದು ಕಾಣಕೂಡದು. ಮಗಳದೂ ಒಂದೇ: ಅಡುಗೆಮನೆ ಕಿಟಕಿಯಿಂದ ಅದು ಚೆನ್ನಾಗಿ ಕಾಣಬೇಕು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ನಮ್ಮಲ್ಲಿ ಗಾದೆಯುಂಟು. ಮಸಾಲೆ ಮಟ್ಟಿಗೆ ಸರಿ ಇರಬಹುದು. ಗೂಡಿನ ಮಟ್ಟಿಗೆ ಕೋಳಿಯನ್ನು ಬಿಟ್ಟು ಮಿಕ್ಕ ಯಾರನ್ನೂ ಕೇಳಬಾರದೆಂಬುದು ನನ್ನ ವಾದ.

ಮಗಳು ಮೊಬೈಲಿನಲ್ಲಿ ಒಂದನ್ನು ಆರಿಸಿದಳು. ಕೆಂಪು ಗೋಡೆ, ಬಿಳಿ ಕಿಟಕಿ, ಇಳಿಜಾರು ಛಾವಣಿ, ಹತ್ತಲು ಪುಟ್ಟ ಏಣಿ. ನಮ್ಮ ಮನೆಗಿಂತ ಲಕ್ಷಣವಾಗಿತ್ತು, ಕಂತಿನಲ್ಲೂ ಕೊಡುತ್ತಿದ್ದರು. ಆದರೆ ಅದು ಹಿಮ ಬೀಳುವ ಸೀಮೆಯ ಕೋಳಿಗೆ ಹೊಲಿದ ಅಂಗಿ. ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಸೆಖೆಯಾದರೆ ಕೊಕ್ಕು ತೆರೆದು ಏದುಸಿರು ಬಿಡುವುದು, ರೆಕ್ಕೆ ಅಗಲಿಸಿ ನಿಲ್ಲುವುದು, ಇಷ್ಟೇ ಅದಕ್ಕೆ ಗೊತ್ತಿರುವ ಉಪಾಯ. ಏಪ್ರಿಲ್ ಮಧ್ಯಾಹ್ನ ನಾಲ್ಕೂ ಕಡೆ ಹಲಗೆ ಬಡಿದ ಪೆಟ್ಟಿಗೆಯಲ್ಲಿ ಅದನ್ನು ಕೂಡಿಹಾಕಿದರೆ ಮಸಾಲೆ ಅರೆಯುವುದಷ್ಟೇ ಬಾಕಿ. ಇನ್ನು '6ರಿಂದ 8 ಕೋಳಿಗೆ ಸಾಕು' ಎಂದು ಬರೆದಿದ್ದರು. ಅಳತೆ ನೋಡಿದರೆ ಒಳಗೆ ಎಂಟು ಚದರಡಿ. ಹಗಲೆಲ್ಲ ಹೊರಗೆ ತಿರುಗುವ ಕೋಳಿಗೂ ರಾತ್ರಿ ಮಲಗಲು ತಲೆಗೆ ಎರಡು ಚದರಡಿಯಾದರೂ ಬೇಕು. ದಿನವಿಡೀ ಒಳಗೇ ಇರುವುದಾದರೆ ನಾಲ್ಕು. ಎಂಟು ಕೋಳಿಯ ಲೆಕ್ಕ ಹಾಕಿದವರು ಕೊಕ್ಕನ್ನೂ ಬಾಲವನ್ನೂ ಸೇರಿಸಿರಲಾರರು.

ಕೋಳಿ ಕೇಳುವುದೇ ಬೇರೆ. ಅದಕ್ಕೆ ಮೊದಲು ಬೇಕಾದ್ದು ಕತ್ತಲಾದ ಮೇಲೆ ಏರಿ ಕೂರಲು ಒಂದು ಅಡ್ಡಗೋಲು. ತಲೆಗೆ ಎಂಟು–ಹತ್ತು ಇಂಚು ಸಿಕ್ಕರೆ ಸಾಕು, ಆದರೆ ಎಲ್ಲವಕ್ಕೂ ಒಂದೇ ಎತ್ತರದಲ್ಲಿ ಸಿಗಬೇಕು. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದಿರೋ, ದಿನಾ ಸಂಜೆ ಮೇಲಿನದಕ್ಕೆ ಕುರ್ಚಿ ಜಗಳ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು, ಯಾರು ಕುಕ್ಕಿಸಿಕೊಂಡು ಸುಮ್ಮನಿರಬೇಕು ಎಂಬುದಕ್ಕೆ ಖಚಿತವಾದ ಸರದಿಯಿದೆ ಎಂದು ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ 1921ರಲ್ಲೇ ಪ್ರಬಂಧ ಬರೆದು ತೋರಿಸಿದ. ಸರ್ಕಾರಿ ಕಚೇರಿಯಲ್ಲಿ ಒಂದು ವಾರ ಕೂತಿದ್ದರೂ ಆತನಿಗೆ ಇದು ತಿಳಿಯುತ್ತಿತ್ತು.

ಮೊಟ್ಟೆಯಿಡುವ ಪೆಟ್ಟಿಗೆ ಈ ಅಡ್ಡಗೋಲಿಗಿಂತ ಕೆಳಗಿರಬೇಕು. ಮೇಲಿದ್ದರೆ ಅದರಲ್ಲೇ ಮಲಗಿ, ಅದರಲ್ಲೇ ಹಿಕ್ಕೆ ಹಾಕಿ, ಬೆಳಗ್ಗೆ ಅದೇ ಹಿಕ್ಕೆಯ ಮೇಲೆ ಮೊಟ್ಟೆಯಿಡುತ್ತವೆ. ಮೂರಕ್ಕೆ ಮೂರು ಪೆಟ್ಟಿಗೆ ಮಾಡಿಸೋಣವೆಂದು ಮಗಳ ಹಟ. ಮಾಡಿಸಿದರೂ ಮೂರೂ ಒಂದನ್ನೇ ಮೆಚ್ಚಿ, ಒಂದು ಒಳಗಿದ್ದಾಗ ಇನ್ನೆರಡು ಬಾಗಿಲಲ್ಲಿ ನಿಂತು ಕೊಕ್ಕೊಕ್ಕೋ ಎಂದು ಬಾಯಿ ಮಾಡುತ್ತವೆ. ಅಟ್ಯಾಚ್ಡ್ ಬಾತ್‌ರೂಮಿನ ಹುಚ್ಚು ಮನುಷ್ಯರಿಗೆ ಮಾತ್ರ.

ನನ್ನ ಸಹೋದ್ಯೋಗಿಯೊಬ್ಬರು ವಾಸ್ತು ತಿಳಿದವರು. ಸಾಕುಪ್ರಾಣಿ ವಾಯವ್ಯದಲ್ಲಿರಬೇಕು ಎಂದರು. ನಮ್ಮ ವಾಯವ್ಯದಲ್ಲಿ ಸೆಪ್ಟಿಕ್ ಟ್ಯಾಂಕ್ ಇದೆ. ನೈಋತ್ಯ ಮುಚ್ಚಿರಬೇಕು ಎಂದಿದ್ದನ್ನು ಮಾತ್ರ ನಾನು ಮರುಮಾತಿಲ್ಲದೆ ಒಪ್ಪಿದೆ. ಮುಂಗಾರು ಬಂದು ಬಡಿಯುವುದು ಆ ಕಡೆಯಿಂದಲೇ, ನೆನೆದ ಹೊಟ್ಟಿನಷ್ಟು ನಾರುವ ವಸ್ತು ಇನ್ನೊಂದಿಲ್ಲ.

ನಾತದ ಮಾತು ಬರುವುದಿದ್ದರೆ ಪಕ್ಕದ ಮನೆಯ ಮೇಷ್ಟ್ರಿಂದ ಎಂದುಕೊಂಡಿದ್ದೆ. ಅವರೋ ಕಾಂಪೌಂಡಿನಾಚೆ ನಿಂತು, "ಹುಂಜ ತರ್ತೀರಾ?" ಎಂದರು. ಇಲ್ಲ, ಮೊಟ್ಟೆಯಿಡಲು ಹುಂಜ ಬೇಕಿಲ್ಲ, ಮರಿಯಾಗಲು ಮಾತ್ರ ಬೇಕು ಎಂದೆ. "ಹಾಗಾದ್ರೆ ಆ ಮೊಟ್ಟೇಲಿ ಜೀವ ಇರಲ್ಲ?" ಇರುವುದಿಲ್ಲ ಎಂದೆ. ಮೇಷ್ಟ್ರು ತುಸು ಹೊತ್ತು ಆಕಾಶ ನೋಡಿದರು. ಆಮೇಲೆ ದನಿ ತಗ್ಗಿಸಿ, ಗುಲಾಬಿಗೆ ಕೋಳಿಗೊಬ್ಬರ ಒಳ್ಳೆಯದಂತಲ್ಲ ಎಂದರು. ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ, ಭತ್ತದ ಹೊಟ್ಟಿನ ಜೊತೆ ಕೆಲವು ತಿಂಗಳು ಕೊಳೆಯಬೇಕು ಎಂದಿದ್ದಕ್ಕೆ, ಕಾಯುತ್ತೇನೆ ಎಂದರು. ಗೊಬ್ಬರಕ್ಕೋ ಮೊಟ್ಟೆಗೋ ನಾನು ಕೇಳಲಿಲ್ಲ.

ಕಡೆಗೆ ಕೆಲಸ ಬಿದ್ದದ್ದು ವೆಲ್ಡಿಂಗ್ ಅಂಗಡಿಗೆ. ಕೋಳಿ ಬಲೆ ಎಂದು ಮಾರುವ ತೆಳು ತಂತಿಯ ಜಾಲರಿಯಿದೆಯಲ್ಲ, ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ. ಮುಂಗುಸಿ ಒಳಗೆ ಬರದಂತೆ ತಡೆಯುವುದಿಲ್ಲ. ಅದಕ್ಕೆ ಬೆಸುಗೆಯ ಅರ್ಧ ಇಂಚಿನ ಮೆಶ್ಶೇ ಬೇಕು, ಹೆಗ್ಗಣ ಕೊರೆಯದಂತೆ ಒಂದಡಿ ಮಣ್ಣಿನೊಳಗೂ ಇಳಿಯಬೇಕು. ಅಡ್ಡಗೋಲಿಗೂ ಕಬ್ಬಿಣದ ಪೈಪನ್ನೇ ಹಾಕುತ್ತೇನೆಂದು ವೆಲ್ಡರ್ ಕೂತುಬಿಟ್ಟ. "ನೂರು ವರ್ಷ ಬರುತ್ತೆ ಸಾರ್." ಕೋಳಿ ಬರಬೇಕಲ್ಲಪ್ಪ, ಜಾರುತ್ತದೆ ಎಂದು ಮರದ ಪಟ್ಟಿಯನ್ನೇ ಹಾಕಿಸಿದೆ, ಅದೂ ತಗ್ಗಿನಲ್ಲಿ. ತರಬೇಕೆಂದಿದ್ದದ್ದು ಗಿರಿರಾಜ. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹಿತ್ತಲಿಗೆಂದೇ ಬಿಟ್ಟ ತಳಿ. ಮೊಟ್ಟೆಯಲ್ಲಿ ನಾಟಿಯನ್ನು ಮೀರಿಸುತ್ತದೆ, ಮೈಭಾರದಲ್ಲೂ. ಎತ್ತರದಿಂದ ಧುಮುಕಿದರೆ ಅದರ ಪಾದ ಬಾತುಕೊಳ್ಳುತ್ತದೆ.

ಬೀಗ ಮಾವನವರ ಸಲಹೆ. ಮುಂಗುಸಿಗಿಂತ ಎರಡು ಕಾಲಿನ ಪ್ರಾಣಿಯೇ ಅಪಾಯ, ಅದೂ ಯುಗಾದಿ ಆಸುಪಾಸಿನಲ್ಲಿ, ಎಂದು ಅವರೇ ಹಿತ್ತಾಳೆಯದೊಂದನ್ನು ತಂದುಕೊಟ್ಟರು. ಅಷ್ಟರಲ್ಲಿ ಮಗಳು ಮೂರಕ್ಕೂ ಹೆಸರಿಟ್ಟಿದ್ದಳು: ಭಾಗ್ಯ, ಚಿನ್ನಿ, ಪುಟ್ಟತಾಯಮ್ಮ.

ಹೊಸತೊಡಕಿನ ಬೆಳಗ್ಗೆ ಮಾವನವರು ಚೀಲ ಹಿಡಿದು ಬಂದರು. ಗೂಡನ್ನು ಸುತ್ತಿದರು, ಮೆಶ್ ಅಲುಗಾಡಿಸಿದರು, "ಗಟ್ಟಿಯಾಗೈತೆ" ಎಂದರು. ಆಮೇಲೆ ಪುಟ್ಟತಾಯಮ್ಮನನ್ನು ಕಣ್ಣಲ್ಲೇ ತೂಗಿ, "ಎರಡೂವರೆ ಕೇಜಿ ಮೋಸ ಇಲ್ಲ" ಎಂದರು. ಏಳಕ್ಕೇ ತೆಗೆಯಬೇಕಾದ ಬಾಗಿಲು ಅಂದು ಒಂಬತ್ತಾದರೂ ತೆಗೆದಿರಲಿಲ್ಲ.

"ಬೀಗದ ಕೈ ಎಲ್ಲವ್ವ?"

"ಬ್ಯಾಗಲ್ಲಿತ್ತು ತಾತ. ಬ್ಯಾಗು ಸ್ಕೂಲಲ್ಲೇ ಬಿಟ್ಟಿದೀನಿ. ಸ್ಕೂಲಿಗೆ ರಜ."

ಮಾವನವರು ತಾವೇ ಆರಿಸಿ ತಂದ ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಚೀಲ ಮಡಚಿಕೊಂಡು ಸಾಲಗಾಮೆ ರಸ್ತೆಯ ಕೋಳಿ ಅಂಗಡಿಗೆ ಹೊರಟರು. ಹೊಸತೊಡಕಿನ ದಿನ ಅಲ್ಲಿ ಎಷ್ಟುದ್ದ ಕ್ಯೂ ಇರುತ್ತದೆಂದು ನಿಂತವರಿಗಷ್ಟೇ ಗೊತ್ತು.