ಕೀಲಿಬಿದ್ದ ಕಿಸೆಯ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ಆರಂಭಕ್ಕೆ ಮುನ್ನ ನಾಲ್ಕು ವಿಚಾರಗಳನ್ನು ಇತ್ಯರ್ಥ ಮಾಡಬೇಕೆಂಬುದು ಹಳಬರ ಕಟ್ಟಳೆ: ಓದಲು ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು, ಇವುಗಳ ನಡುವಣ ಸಂಬಂಧವೇನು. ಪ್ರಸ್ತುತ ಗ್ರಂಥಕ್ಕೆ ಅಧಿಕಾರಿ ಎಂದರೆ ಅಂಗಡಿಯೆದುರು ಫೋನ್ ಹಿಡಿದು ನಿಂತು, ಬೆನ್ನ ಹಿಂದೆ ಸಾಲು ಬೆಳೆಯುತ್ತಿರುವಾಗ ಪರದೆಯಲ್ಲಿ ಕೆಂಪಕ್ಷರ ಕಂಡವನು. ವಿಷಯ, ಮೊಬೈಲ್ ವಾಲೆಟ್‌ಗೆ ಬಿದ್ದ ಕೀಲಿ. ಪ್ರಯೋಜನ, ಒಳಗಿನ ದುಡ್ಡು ಒಳಗಿರುವಾಗಲೇ ಕೀಲಿ ತೆಗೆಯುವುದು. ಸಂಬಂಧವೊಂದು ಸದ್ಯಕ್ಕೆ ಸಿಗುತ್ತಿಲ್ಲ, ನೆಟ್‌ವರ್ಕ್ ಹೋಗಿದೆ.

ಶಾಸ್ತ್ರಕಾರರಿಗೆ ಉದಾಹರಣೆಗೊಬ್ಬ ಮನುಷ್ಯ ಬೇಕಾದಾಗಲೆಲ್ಲ ದೇವದತ್ತನನ್ನು ಎಳೆದು ತರುವುದು ವಾಡಿಕೆ. ಹಗಲು ಉಣ್ಣದಿದ್ದರೂ ಡುಮ್ಮಗೇ ಇದ್ದು, ‘ಹಾಗಾದರೆ ರಾತ್ರಿ ಉಣ್ಣುತ್ತಾನೆ’ ಎಂದು ಪಂಡಿತರ ಕೈಗೆ ಸಿಕ್ಕಿಬಿದ್ದವನು ಅವನೇ. ನಾವೂ ಅವನಿಗೇ ಹೇಳಿಕಳಿಸಿದೆವು. ಈಗ ಅವನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು, 60 ರೂಪಾಯಿ ಕೊಡಲೆಂದು ಕ್ಯೂಆರ್ ಚೀಟಿಗೆ ಫೋನ್ ಹಿಡಿದಿದ್ದಾನೆ. ಪಿನ್ ಒತ್ತಿದ, ತಪ್ಪು. ಇನ್ನೊಮ್ಮೆ ಒತ್ತಿದ, ತಪ್ಪು. ಮೂರನೆಯ ಸಲ ಮಂತ್ರ ಜಪಿಸುವವನಂತೆ ಕಣ್ಣು ಮುಚ್ಚಿ ಒತ್ತಿದ. ಕಣ್ಣು ಬಿಟ್ಟಾಗ ಬಾಗಿಲು ಮುಚ್ಚಿತ್ತು. ಹೂವಿನಾಕೆ ‘ಹೋಗ್ಲಿ ಬುಡಣ್ಣ, ನಾಳೆ ಕೊಡೀವಂತೆ’ ಎಂದು ಮುಂದಿನ ಗಿರಾಕಿಯತ್ತ ತಿರುಗಿದಳು. ಈ ವಾಕ್ಯಕ್ಕೆ ಕೊನೆಯಲ್ಲಿ ಭಾಷ್ಯ ಬರೆಯುವವರಿದ್ದೇವೆ.

ಮೊದಲು ಪದನಿಷ್ಕರ್ಷೆ. ಲೋಕದಲ್ಲಿ ‘ಫೋನ್‌ಪೇ ಮಾಡ್ತೀನಿ’ ಎನ್ನುವವನು ಯಾವ ಕಂಪನಿಯನ್ನೂ ಹೆಸರಿಸುತ್ತಿಲ್ಲ. ಅದು ಕ್ರಿಯಾಪದವಾಗಿ ವರ್ಷಗಳಾದವು. ಶಾಸ್ತ್ರದಲ್ಲಿ ಮಾತ್ರ ಭೇದವುಂಟು. ವಾಲೆಟ್ ಎಂದರೆ ಮುಂಗಡವಾಗಿ ತುಂಬಿಟ್ಟ ಸಂಚಿ. ಕನಿಷ್ಠ ವಿವರ ಕೊಟ್ಟವರ ಸಂಚಿಯಲ್ಲಿ 10,000 ರೂಪಾಯಿ, ಪೂರ್ಣ ಕೆವೈಸಿ ಆದವರದರಲ್ಲಿ 2 ಲಕ್ಷ ರೂಪಾಯಿ, ಇದು ರಿಸರ್ವ್ ಬ್ಯಾಂಕ್ ಎಳೆದ ಗೆರೆ. 2016ರ ಏಪ್ರಿಲ್‌ನಲ್ಲಿ ಬಂದ ಯುಪಿಐ ಸಂಚಿಯಲ್ಲ, ಬ್ಯಾಂಕಿನ ಗೋಡೆಗೆ ಕೊರೆದ ಕಿಟಕಿ. ದೇವದತ್ತನ ಆ್ಯಪಿನಲ್ಲಿ ಎರಡೂ ಇವೆ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಅವನು ಈವರೆಗೆ ಕೇಳಿದವನಲ್ಲ. ಕೀಲಿ ಬಿದ್ದದ್ದು ಸಂಚಿಗೋ ಕಿಟಕಿಗೋ ಎಂದು ತಿಳಿಯದೆ ಬಡಿದರೆ ಬೇರೆಯವರ ಮನೆಯ ಬಾಗಿಲು ಬಡಿದಂತೆ: ಸಂಚಿಗೆ ವಾಲೆಟ್ ಕಂಪನಿ, ಕಿಟಕಿಗೆ ಬ್ಯಾಂಕು.

ಇವೆರಡಕ್ಕೂ ಹಿಂದಿನದು ಸಾಸಿವೆ ಡಬ್ಬಿಯ ಯುಗ. ಅಜ್ಜಿ ನೋಟು ಮಡಚಿ ಸಾಸಿವೆಯ ತಳದಲ್ಲಿ ಹುಗಿದಿಡುತ್ತಿದ್ದಳು. ಅಲ್ಲೂ ಎರಡು ಹಂತದ ಭದ್ರತೆ ಇತ್ತು: ಡಬ್ಬಿ ಯಾವುದೆಂದು ಗೊತ್ತಿರಬೇಕು, ಅಜ್ಜಿಗೆ ನಿದ್ದೆ ಹತ್ತಿರಬೇಕು. ಇಟ್ಟದ್ದು ಮರೆತರೆ ಒಗ್ಗರಣೆಯ ಹೊತ್ತಿಗೆ ಡಬ್ಬಿಯೇ ನೆನಪಿಸುತ್ತಿತ್ತು.

ಕೀಲಿಗಳಲ್ಲಿ ಪಿನ್ ಮರೆವಿನ ಕೀಲಿ ಬಲು ಸಾಧು. ಯುಪಿಐ ಪಿನ್ ಮೂರು ಸಲ ತಪ್ಪಿದರೆ ಸಾಮಾನ್ಯವಾಗಿ 24 ಗಂಟೆ ಮೌನವ್ರತ. ಮರೆತೇಹೋಗಿದ್ದರೆ ಆ್ಯಪಿನಲ್ಲೇ ಹೊಸದು ಕಟ್ಟಿಕೊಳ್ಳಬಹುದು: ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಮೇಲೊಂದು ಒಟಿಪಿ. ಕಾರ್ಡಿಲ್ಲದವರಿಗೆ ಆಧಾರ್ ಒಟಿಪಿಯ ದಾರಿಯುಂಟು. ಇಡೀ ಪ್ರಯೋಗದಲ್ಲಿ ಎರಡನೆಯ ಮನುಷ್ಯನ ಪಾತ್ರವೇ ಬರುವುದಿಲ್ಲ. ಓದುಗರು ಇದನ್ನು ಪಂಚೆಗೋ ಸೆರಗಿಗೋ ಗಂಟು ಹಾಕಿಕೊಳ್ಳತಕ್ಕದ್ದು.

ಸಿಮ್ಮಿನ ಕೀಲಿ ವೇದಾಂತಕ್ಕೆ ಸೇರಿದ್ದು. ‘ನಾನು ಯಾರು’ ಎಂಬ ಪ್ರಶ್ನೆಗೆ ಋಷಿಗಳು ಕಾಡಿನಲ್ಲಿ ಕೂತು ಉತ್ತರ ಹುಡುಕಿದರು. ಆ್ಯಪಿನ ಉತ್ತರ ನಾಲ್ಕಕ್ಷರದ್ದು: ನೀನು ಸಿಮ್ಮು. ಹೊಸ ಫೋನಿಗೆ ಹೋದ ಯುಪಿಐ ಆ್ಯಪ್ ಆ ಫೋನಿನೊಳಗಿರುವ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ ಆತ್ಮಸಾಕ್ಷಾತ್ಕಾರ ಮಾಡಿಕೊಳ್ಳುತ್ತದೆ. ದೇವದತ್ತನ ಭಾವಮೈದ ಯಜ್ಞದತ್ತ ಫೋನನ್ನು ಬಸ್ಸಿನ ಸೀಟಿನ ಮೇಲೆ ಬಿಟ್ಟಿಳಿದ. ಒಳ್ಳೆಯ ಕೆಲಸವೆಂದರೆ, ಅವನು ಕೂಡಲೇ ಸಿಮ್ ನಿಲ್ಲಿಸಿದ, ಠಾಣೆಗೆ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನೇ ಬ್ಲಾಕ್ ಮಾಡಿಸಿದ, ಅದೇ ನಂಬರಿನ ಹೊಸ ಸಿಮ್ ತಂದ. ಆಮೇಲೆ ಒಟಿಪಿ ಬರಲಿಲ್ಲವೆಂದು ‘ರೀಸೆಂಡ್’ ಗುಂಡಿಯನ್ನು ರುಬ್ಬುಗುಂಡಿನಂತೆ ರುಬ್ಬಿದ. ಸಿಮ್ ಬದಲಿಸಿದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ನಿಮ್ಮ ಹೆಸರಲ್ಲಿ ಕಳ್ಳನೊಬ್ಬ ಸಿಮ್ ತೆಗೆದು ಮರುಕ್ಷಣವೇ ಖಾತೆ ಬಳಿಯದಿರಲೆಂದು ವಿಧಿಸಿರುವ ಸೂತಕ ಅದು. 2024ರ ಜುಲೈ 1ರಿಂದ, ಸಿಮ್ ಬದಲಿಸಿದ ಏಳು ದಿನದೊಳಗೆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತೆಯೂ ಇಲ್ಲ. ಸಿಮ್ಮಿಗೂ ಮೈಲಿಗೆಯುಂಟು ಎಂದು ನಮ್ಮ ಧರ್ಮಶಾಸ್ತ್ರಿಗಳಿಗೆ ಹೊಳೆದಿರಲಿಲ್ಲ.

ಹೆಸರಿನ ಕೀಲಿಯೊಂದಿದೆ, ಅದು ನಮ್ಮ ಕಡೆಯವರನ್ನು ಹುಡುಕಿಕೊಂಡೇ ಬರುತ್ತದೆ. ಆಧಾರಿನಲ್ಲಿ ‘ದೇವದತ್ತ’, ಬ್ಯಾಂಕಿನಲ್ಲಿ ‘ಕೆ.ಆರ್. ದೇವದತ್ತ’, ಪ್ಯಾನಿನಲ್ಲಿ ‘ಕಡೂರು ರಾಮಯ್ಯ ದೇವದತ್ತ’. ಊರು, ಅಪ್ಪ, ತಾನು ಮೂವರೂ ಒಬ್ಬನೇ ಎಂಬ ಅದ್ವೈತವನ್ನು ಯಂತ್ರ ಒಪ್ಪದು. ಅದು ಕಟ್ಟಾ ದ್ವೈತಿ. ಸರ್‌ನೇಮ್ ಖಾನೆ ಖಾಲಿ ಬಿಡುವಂತಿಲ್ಲವೆಂದು ಅವನು ಕಡೂರನ್ನು ತಂದು ಕೂರಿಸಿದ್ದಾನೆ. ಅಂದಿನಿಂದ ಅವನಿಗೆ ಬರುವ ಪತ್ರಗಳೆಲ್ಲ ‘ಡಿಯರ್ ಮಿಸ್ಟರ್ ಕಡೂರ್’ ಎಂದೇ ಆರಂಭ. ಈ ಕೀಲಿಗೆ ಕಾಗದಗಳಲ್ಲಿ ಹೆಸರು ಒಂದೇ ಮಾಡಿಸಿ ಕೆವೈಸಿ ಮತ್ತೆ ಕೊಡುವುದಲ್ಲದೆ ಬೇರೆ ಮದ್ದಿಲ್ಲ.

ಇನ್ನು ಪೂರ್ವಪಕ್ಷ. ಮಾರುಕಟ್ಟೆಯಿಂದ ಮನೆಗೆ ಬಂದ ದೇವದತ್ತ ಗೂಗಲ್ಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದ. ಹತ್ತಂಕಿಯ ಮೊಬೈಲ್ ನಂಬರೊಂದು ಸಿಕ್ಕಿತು. ಮೊದಲ ರಿಂಗಿಗೇ ಎತ್ತಿದರು.

‘ನಮಸ್ಕಾರ ಸಾರ್, ತುಂಬಾ ತೊಂದ್ರೆ ಆಯ್ತು ಅನ್ಸುತ್ತೆ, ಬೇಜಾರಾಗ್ಬೇಡಿ. ಊಟ ಆಯ್ತಾ ಸಾರ್? ಎರಡೇ ನಿಮಿಷ, ನಾನೇ ಓಪನ್ ಮಾಡ್ಕೊಡ್ತೀನಿ. ಒಂದು ಲಿಂಕ್ ಕಳಿಸಿದೀನಿ, ಇನ್‌ಸ್ಟಾಲ್ ಮಾಡ್ಕೊಳಿ. ನಿಮ್ಮ ಸ್ಕ್ರೀನ್ ನಂಗೆ ಕಾಣಿಸಿದ್ರೆ ಸಾಕು.’

ಇಲ್ಲಿ ನಮ್ಮ ಸಿದ್ಧಾಂತವನ್ನು ಮಂಡಿಸುವ ಕಾಲ ಬಂದಿದೆ: ವಿಳಂಬವೇ ಅಸಲಿಯ ಲಕ್ಷಣ. ಅಸಲಿ ಸೇವಾಕೇಂದ್ರ ಮೊದಲು ಭಾಷೆ ಕೇಳುತ್ತದೆ, ನಂತರ ಒಂದನ್ನು ಒತ್ತಿ ಎರಡನ್ನು ಒತ್ತಿ ಎನ್ನುತ್ತದೆ, ನಿಮ್ಮ ಕರೆ ಅಮೂಲ್ಯವೆಂದು ಹೇಳುತ್ತಲೇ ಹಾಡು ಹಾಕಿ ಎದ್ದು ಹೋಗುತ್ತದೆ. ಅದು ನಿಮ್ಮ ಊಟ ವಿಚಾರಿಸಿದ ದಾಖಲೆ ನಮಗೆ ದೊರೆತಿಲ್ಲ. ಡುಮ್ಮ ದೇವದತ್ತನ ರಾತ್ರಿಯೂಟವನ್ನು ಪತ್ತೆಹಚ್ಚಿದ ಪ್ರಮಾಣಕ್ಕೆ ಅರ್ಥಾಪತ್ತಿ ಎಂದು ಹೆಸರು. ಅದನ್ನೇ ಇಲ್ಲಿ ಹಚ್ಚಿದರೆ: ಮೊದಲ ರಿಂಗಿಗೇ ಎತ್ತಿದರು, ಸೇವಾಕೇಂದ್ರವಾಗಿದ್ದರೆ ಎತ್ತುತ್ತಿರಲಿಲ್ಲ, ಆದ್ದರಿಂದ ಅದು ಸೇವಾಕೇಂದ್ರವಲ್ಲ. ತನ್ನ ಹೆಸರಿನಲ್ಲೇ ಪ್ರಸಿದ್ಧವಾದ ಪ್ರಮಾಣವನ್ನು ದೇವದತ್ತ ಬೇಕಾದ ಹೊತ್ತಲ್ಲಿ ಮರೆತ. ಹಗ್ಗವನ್ನು ಹಾವೆಂದು ಭ್ರಮಿಸುವ ಉದಾಹರಣೆ ನಮ್ಮಲ್ಲಿ ಸವೆದುಹೋಗಿದೆ. ಹಾವನ್ನು ಹಗ್ಗವೆಂದು ಹಿಡಿದು, ಅದರ ಬಾಲಕ್ಕೆ ಒಟಿಪಿ ಓದಿ ಹೇಳುವವನ ಬಗ್ಗೆ ಆಚಾರ್ಯರು ಏನೂ ಬರೆದಿಡಲಿಲ್ಲ.

ಅಸಲಿ ನಂಬರು ಹುಡುಕಾಟದಲ್ಲಿ ತೇಲಿಬರುವುದಲ್ಲ. ಆ್ಯಪಿನ ಒಳಗಿನ ಸಹಾಯದ ಪುಟದಲ್ಲಿ, ಕಾರ್ಡಿನ ಬೆನ್ನಿನಲ್ಲಿ, ಪಾಸ್‌ಬುಕ್ಕಿನಲ್ಲಿ ಅದು ಮೊದಲಿಂದಲೂ ಕೂತಿರುತ್ತದೆ. ಬ್ಯಾಂಕುಗಳ ವೆಬ್ ವಿಳಾಸ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯಬೇಕೆಂಬ ನಿಯಮವೂ ಆಗಿದೆ. ಪಿನ್ ಎನ್ನುವುದು ದುಡ್ಡು ಕೊಡಲು ಬೇಕೇ ಹೊರತು ಪಡೆಯಲು ಬೇಡ. ಪಿನ್ ಹೇಳಿ, ಒಟಿಪಿ ಓದಿ, ಸ್ಕ್ರೀನ್ ತೋರಿಸಿ ಎಂದವನು ಎಷ್ಟೇ ಚಂದದ ಕನ್ನಡ ಆಡಲಿ, ಫೋನ್ ಇಡಬೇಕು. ಚಂದದ ಕನ್ನಡ ಕೇಳಿ ಕರಗುವುದು ನಮ್ಮ ದೌರ್ಬಲ್ಯವೆಂದು ಅವರಿಗೂ ತಿಳಿದಿದೆ.

ದೇವದತ್ತ ಆ ಲಿಂಕಿನ ಮೇಲೆ ಬೆರಳಿಡುವಷ್ಟರಲ್ಲಿ ಮಗಳು ಫೋನ್ ಕಿತ್ತುಕೊಂಡಳು. ‘ಅಪ್ಪಾ, ಎಪಿಕೆ ಅದು!’ ಎಪಿಕೆ ಎಂದರೇನೆಂದು ಅವನಿಗೆ ಇಂದಿಗೂ ಗೊತ್ತಿಲ್ಲ, ಆದರೆ ಮಗಳ ದನಿಯನ್ನು ಅವನು ಆಪ್ತವಾಕ್ಯವೆಂದು ಸ್ವೀಕರಿಸಿದ. ಯಜ್ಞದತ್ತನಿಗೆ ಮಗಳಿರಲಿಲ್ಲ. ಸೂತಕ ಕಳೆಯುವವರೆಗೂ ಕಾಯಲಾರದೆ ಹೆಂಡತಿಯ ಫೋನಿನಿಂದ ಅವನೂ ಅಂಥದೇ ನಂಬರಿಗೆ ಮಾತಾಡಿದ, ಆಕೆಯ ಪಿನ್ನನ್ನೇ ಒತ್ತಿದ, ಆಕೆಯ ಖಾತೆ ಬರಿದಾಯಿತು.

ಇಲ್ಲಿ ನಮ್ಮ ಸಿದ್ಧಾಂತ ತಲೆಕೆಳಗಾಗುತ್ತದೆ, ಒಪ್ಪಿಕೊಳ್ಳುತ್ತೇವೆ. ದುಡ್ಡು ಹೋದ ಮೇಲೆ ಆತುರ ನಮ್ಮದಾಗಬೇಕು. ತಕ್ಷಣ 1930ಕ್ಕೆ ಕರೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವಷ್ಟರಲ್ಲಿ ತಡೆಯುವುದೇ ಆ ಸಹಾಯವಾಣಿಯ ಕೆಲಸ. ಬ್ಯಾಂಕಿಗೂ ಆಗಲೇ ತಿಳಿಸಬೇಕು. ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕಿನದೂ ಅಲ್ಲದೆ, ಮೂರನೆಯವನ ಕೈವಾಡದಿಂದ ಹೋದ ಹಣಕ್ಕೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೇಳಿತು; 2019ರ ಜನವರಿಯಲ್ಲಿ ವಾಲೆಟ್‌ಗಳಿಗೂ ಅಂಥದೇ ನಿಯಮ ಬಂತು. ಪಿನ್ನನ್ನು ತಾನೇ ಬಿಟ್ಟುಕೊಟ್ಟವನು ತಿಳಿಸುವವರೆಗಿನ ನಷ್ಟವನ್ನು ತಾನೇ ಹೊರಬೇಕು. ಯಜ್ಞದತ್ತ ಈ ಸಾಲನ್ನು ಓದಿ ಪುಸ್ತಕ ಮುಚ್ಚಿಟ್ಟಿದ್ದಾನೆ.

ದೂರಿಗೆ 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2021ರ ನವೆಂಬರ್ 12ರಂದು ಬಂದ ಏಕೀಕೃತ ಯೋಜನೆಯಲ್ಲಿ ವಾಲೆಟ್‌ಗಳ ದೂರೂ ಸೇರುತ್ತದೆ. ಯಾವ ಭಾಷೆಯಲ್ಲಾದರೂ ಕಾಗದ ಬರೆಯಬಹುದು. ಅದು ಚಂಡೀಗಢಕ್ಕೆ ಹೋಗುತ್ತದೆ. ಮೈಸೂರಿನ ಮಲ್ಲಿಗೆಯ ಬೀದಿಯಲ್ಲಿ ಬಿದ್ದ ಕೀಲಿಯ ಕಥೆಯನ್ನು ಅಚ್ಚಗನ್ನಡದಲ್ಲಿ ಬರೆದು ಚಂಡೀಗಢಕ್ಕೆ ಅಂಚೆಗೆ ಹಾಕುವ ಸುಖ ಯಾವ ಸಾಹಿತ್ಯ ಸಮ್ಮೇಳನದಲ್ಲೂ ಸಿಗದು.

ದೇವದತ್ತನಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಮಗಳ ಎದುರು ಕೂತು, ಡೆಬಿಟ್ ಕಾರ್ಡ್ ಹುಡುಕಿ, ಹೊಸ ಪಿನ್ ಕಟ್ಟಿಕೊಂಡ. ಮಾರನೆಯ ದಿನ ಮಾರುಕಟ್ಟೆಗೆ ಹೋಗಿ ಹೂವಿನಾಕೆಯ ಚೀಟಿಗೆ ಫೋನ್ ಹಿಡಿದ. ಪೆಟ್ಟಿಗೆ ಕೂಗಿತು: ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ.

‘ಹೂವ ತಗಳ್ದೆ ಯಾಕಣ್ಣ ದುಡ್ ಹಾಕ್ದೆ?’

‘ನಿನ್ನೆ ತಗೊಂಡಿದ್ನಲ್ಲಮ್ಮ, ಎರಡು ಮೊಳ. ಲಾಕ್ ಆಗಿತ್ತು.’

ಆಕೆ ಅವನ ಮುಖ ನೋಡಿದಳು. ‘ನಿನ್ನೇನಾ? ಯಾರೋ ಏನೋ, ನಂಗ್ ನೆಪ್ಪಿಲ್ಲ ಕಣಣ್ಣ’ ಎಂದವಳೇ ಮೊಳ ಹಾಕತೊಡಗಿದಳು.