ಸುಮ್ಮನಿರಲು ಬಾರದ ಗಾಡಿ

ನನ್ನ ಮಾರುತಿ 800 ಓಡುವುದಕ್ಕೆ ಎಂದೂ ತಕರಾರು ಮಾಡಿದ್ದಿಲ್ಲ. ಅದರ ತಕರಾರೆಲ್ಲ ನಿಲ್ಲುವುದಕ್ಕೆ. ಬೆಳಿಗ್ಗೆ ಕೀ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದೆನೋ, ಚಳಿಜ್ವರ ಬಂದವರ ಹಾಗೆ ನಡುಗಲು ಶುರು. ಡ್ಯಾಶ್‌ಬೋರ್ಡಿನ ಮೇಲಿಟ್ಟ ಚನ್ನಪಟ್ಟಣದ ಬೊಂಬೆ ಟಕಟಕ ಎನ್ನುತ್ತಾ ಅಂಚಿನವರೆಗೂ ನಡೆದುಕೊಂಡು ಬರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಅದು ಆರಿಹೋಗದಿರಲಿ ಎಂದು ನಾನು ಉರ್ರ್ ಉರ್ರ್ ಅನ್ನಿಸುತ್ತಿದ್ದರೆ ಮುಂದಿನ ಬೈಕಿನವನು ತಿರುಗಿ ನೋಡುತ್ತಾನೆ: ಈ ವಯಸ್ಸಿನಲ್ಲಿ ಇವರಿಗೇನು ಇಷ್ಟು ಅವಸರ?

"ನೀವು ರಿಟೈರಾದಾಗಿನಿಂದ ನಿಮ್ಮ ಕಾಯಿಲೆ ಅದಕ್ಕೂ ಅಂಟಿದೆ. ಸುಮ್ಮನೆ ಕೂತಿರೋಕೆ ಇಬ್ಬರಿಗೂ ಬರಲ್ಲ," ಎಂದಳು ಹೆಂಡತಿ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ನನ್ನದು ಕಾರ್ಬೊರೇಟರ್ ಕಾಲದ ಕೂಸು. 796 ಸಿಸಿ, ಮೂರೇ ಸಿಲಿಂಡರು. ಮೂರು ಕಾಲಿನ ಸ್ಟೂಲಿನಲ್ಲಿ ಒಂದು ಕಾಲು ಕೈಕೊಟ್ಟರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಯಾವ ಕಾಲು ಎಂಬುದಷ್ಟೇ ಪ್ರಶ್ನೆ. ನೇರ ಮೆಕ್ಯಾನಿಕ್ಕಿನ ಬಳಿಗೆ ಹೋದರೆ ಅವನು ಹೇಳಿದ್ದೇ ವೇದವಾಗುತ್ತದೆ. ಅದಕ್ಕೇ ಮೊದಲು ನಾಲ್ಕು ಜನರ ಅಭಿಪ್ರಾಯ ಕೇಳೋಣವೆಂದು ಹೊರಟೆ. ನಾಲ್ಕು ಜನ ನಾಲ್ಕು ತಾಲ್ಲೂಕಿನವರಾದರು.

ಮೊದಲನೆಯವರು ಚನ್ನಪಟ್ಟಣದ ನಮ್ಮ ಪಕ್ಕದ ಮನೆಯವರು. ಹಾಲೆಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವ ಕೈ ಅವರದು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ಬೊಂಬೆ ಅದುರಿದ್ರೆ ಮರದ ತಪ್ಪಲ್ಲ ಸಾ, ಹಿಡಿತದ ತಪ್ಪು. ಇಂಜಿನ್ ಮೌಂಟಿಂಗ್ ಹೋಗದೆ." ಮೌಂಟಿಂಗ್ ಬದಲಾಯಿತು. ನಡುಕ ಹಾಗೇ ಉಳಿಯಿತು.

ಕನಕಪುರದ ಭಾವಮೈದುನ ರೇಷ್ಮೆ ಹುಳ ಸಾಕುವವನು. "ಹುಳ ಮಂಕಾದ್ರೆ ಮೊದಲು ಸೊಪ್ಪು ನೋಡ್ಬೇಕು ಭಾವ. ಒದ್ದೆ ಸೊಪ್ಪು ಹಾಕಿದ್ರೆ ರೋಗ ಗ್ಯಾರಂಟಿ. ನಿಮ್ಮ ಗಾಡಿನೂ ನೀರು ಕುಡಿದದೆ." ಟ್ಯಾಂಕು ಬರಿದು ಮಾಡಿ, ಫಿಲ್ಟರ್ ಹೊಸದು ಹಾಕಿಸಿದೆ. ಬೊಂಬೆ ಮತ್ತೆ ವಾಕಿಂಗ್ ಹೊರಟಿತು.

ಮಾಗಡಿಯ ಸೋದರಮಾವ ಜಗಲಿಯಿಂದಲೇ ಸಾವನದುರ್ಗದ ಕಡೆ ಕೈ ತೋರಿಸಿದರು. "ಆ ಬಂಡೆ ಒಂದು ಚೂರು ಅಲ್ಲಾಡುತ್ತಾ? ಯಾಕಂದ್ರೆ ಅದಕ್ಕೆ ದೃಷ್ಟಿ ತಾಗಿಲ್ಲ." ನನ್ನ ಮಾರುತಿಗೆ ಈ ವಯಸ್ಸಿನಲ್ಲಿ ಕಣ್ಣು ಹಾಕುವವರು ಗುಜರಿಯವರು ಮಾತ್ರ ಎಂದೆ. ಕೇಳಲಿಲ್ಲ. ಮುಂದಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಬಂದವು.

ರಾಮನಗರದ ಗೂಡಿನ ಮಾರುಕಟ್ಟೆಯ ಹತ್ತಿರ ಸಿಕ್ಕ ರೀಲರ್ ಗೆಳೆಯ ಮಾತ್ರ ದಾರಕ್ಕೆ ಹತ್ತಿರ ಬಂದ. "ಏಳೆಂಟು ಗೂಡಿನ ಎಳೆ ಸೇರಿ ಒಂದು ನೂಲು. ಒಂದು ಎಳೆ ಕಡಿದ್ರೆ ನೂಲು ತೆಳ್ಳಗಾಯ್ತದೆ. ನಿನ್ನ ಇಂಜಿನ್ನಲ್ಲೂ ಒಂದು ಎಳೆ ಕಡಿದದೆ, ನೋಡ್ಸು." ಸ್ಪಾರ್ಕ್ ಪ್ಲಗ್ ಮೂರನ್ನೂ ಬದಲಾಯಿಸಿದೆ. ಸಾಲದ್ದಕ್ಕೆ ನಾನೇ ಸ್ಕ್ರೂಡ್ರೈವರ್ ಹಿಡಿದು ಐಡ್ಲಿಂಗ್ ಸ್ಕ್ರೂ ತಿರುಗಿಸಿದೆ. ಈಗ ಗಾಡಿ ನಡುಗುವುದರ ಜೊತೆಗೆ ಕಿರುಚತೊಡಗಿತು.

ಕೊನೆಗೆ ಅದೇ ಊರಿನಲ್ಲಿ, ಹುಣಸೆಮರದ ಕೆಳಗಿನ ಒಂದು ಶೆಡ್ಡಿಗೆ ಹೋದೆ. ಮುದುಕ ಮೆಕ್ಯಾನಿಕ್ಕು ಟೀ ಲೋಟ ಕೆಳಗಿಡದೆ ಕೇಳಿದ್ದು ಒಂದೇ ಪ್ರಶ್ನೆ: "ಚೋಕ್ ಎಳೆದ್ರೆ ಸುಮ್ಗಾಯ್ತದಾ?"

ಆಗುತ್ತದೆ! ದಿನಾ ಆಗುತ್ತಿತ್ತು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆದರೂ ಅವನು ಪ್ಲಗ್ಗಿನ ವೈರುಗಳನ್ನು ಇಕ್ಕುಳದಲ್ಲಿ ಒಂದೊಂದಾಗಿ ಕಿತ್ತು ನೋಡಿದ. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಸೋಮಾರಿ ಎಂದು ಲೆಕ್ಕ. ನಮ್ಮ ಆಫೀಸಿನಲ್ಲಿ ಈ ಪರೀಕ್ಷೆ ಇದ್ದಿದ್ದರೆ ನಾನು ಇನ್ನೂ ಬೇಗ ರಿಟೈರಾಗುತ್ತಿದ್ದೆ. ಇಲ್ಲಿ ಮಾತ್ರ ಯಾವುದನ್ನು ಕಿತ್ತರೂ ಇಂಜಿನ್ನು ಒಂದೇ ಸಮ ಮುಗ್ಗರಿಸಿತು. "ಮೂರೂ ದುಡೀತಾವೆ ಸಾ. ಕಳ್ಳ ಹೊರಗವ್ನೆ."

ಕಾರ್ಬೊರೇಟರಿನ ಹಿಂದೆ ಕೈ ತೂರಿಸಿ ತಡಕಿದ. ಬೆರಳುದ್ದದ ಒಂದು ರಬ್ಬರ್ ಪೈಪು. ಶಾಖಕ್ಕೆ ಒಣಗಿ ಹುಣಸೆ ಸಿಪ್ಪೆಯಂತೆ ಗಟ್ಟಿಯಾಗಿತ್ತು. ಬಾಗಿದ ಕಡೆ ಉಗುರಿನಷ್ಟು ಸೀಳು. ಅವನು ಅದರ ಮೇಲೆ ಹೆಬ್ಬೆರಳಿಟ್ಟ, ನಡುಕ ನಿಂತಿತು. ತೆಗೆದ, ನಡುಗಿತು. ಮತ್ತೆ ಇಟ್ಟ, ನಿಂತಿತು. ಅಳುವ ಮಗುವಿನ ಬಾಯಿಗೆ ಬೆರಳಿಟ್ಟ ಹಾಗೆ.

"ಕಾಲು ತೆಗೆದಾಗ ಥ್ರಾಟಲ್ ಬಾಗಿಲು ಮುಚ್ಕೊಂಡಿರ್ತದೆ. ಇಂಜಿನ್ನು ಎಲ್ಲಿ ಸಂದಿ ಸಿಕ್ಕುದ್ರೂ ಗಾಳಿ ಎಳೀತದೆ. ಲೆಕ್ಕದಾಚೆ ಗಾಳಿ ಸೇರಿದ್ರೆ ಪೆಟ್ರೋಲು ಸಾಲದು, ಮಜ್ಜಿಗೆಗೆ ನೀರು ಜಾಸ್ತಿ ಆದಂಗೆ. ತಣ್ಣಗಿರುವಾಗಂತೂ ಅದಕ್ಕೆ ಪೆಟ್ರೋಲು ಜಾಸ್ತಿನೇ ಬೇಕು. ಚೋಕ್ ಎಳೆದ್ರೆ ಗಾಳಿ ಕಮ್ಮಿಯಾಗಿ ಸರಿಹೋಯ್ತದೆ. ಓಡುವಾಗ ದೊಡ್ಡ ಬಾಗಿಲೇ ತೆಗೆದಿರ್ತದಲ್ಲ, ಈ ಸೀಳು ಯಾವ ಲೆಕ್ಕ?"

ಮೂವತ್ತು ವರ್ಷ ಓಡುತ್ತಲೇ ಇದ್ದವನಿಗೆ ಯಾವ ಸೀಳೂ ಗೊತ್ತಾಗದಿದ್ದದ್ದು ಯಾಕೆಂದು ನನಗೂ ಹೊಳೆಯಿತು. ಹೆಂಡತಿಗೆ ಹೇಳಲು ಹೋಗಲಿಲ್ಲ.

ಹೊಸ ಪೈಪಿಗೆ ಎರಡು ತಟ್ಟೆ ಇಡ್ಲಿಯ ದುಡ್ಡಾಯಿತು. ನಾನು ತಿರುಗಿಸಿದ್ದ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ್ದಕ್ಕೆ ಅವನು ಕಾಸು ಕೇಳಲಿಲ್ಲ, ನಕ್ಕ ಅಷ್ಟೆ. ಬೊಂಬೆ ಈಗ ಇಟ್ಟ ಜಾಗದಲ್ಲೇ ಇದೆ. ನಿಂಬೆಹಣ್ಣಿನಿಂದಲೇ ಗಾಡಿ ಸರಿಹೋಯಿತೆಂದು ಮಾಗಡಿಯ ಮಾವ ಊರಿಗೆಲ್ಲ ಹೇಳಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥದೊಂದು ಹಳೆಯ ಕಾರ್ಬೊರೇಟರ್ ಗಾಡಿ ನಿಂತಲ್ಲೇ ನಡುಗುತ್ತಿದ್ದರೆ ಮೊದಲು ಚೋಕ್ ಎಳೆದು ನೋಡಿ. ಸುಮ್ಮನಾದರೆ ರಬ್ಬರ್ ಪೈಪುಗಳನ್ನು ತಡವಿ. ನೆಂಟರನ್ನು ಆಮೇಲೆ ಕೇಳಬಹುದು.